ಸಾಸಿವೆ ಬಣ್ಣದ ಸೀರೆಗಳು

ನಿರುಪಮಾಗೆ ಸಾಸಿವೆ ಬಣ್ಣ ಕಂಡರೆ ಆಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಬೇಕಾದವನಿಗೆ ಹೇಳಿದ್ದು ಒಂದೇ ಸಲ, ಅದೂ ಹೇಳಬಾರದ ರೀತಿಯಲ್ಲಿ, ಅವನು ಸಾಯುವುದಕ್ಕೆ ಹನ್ನೊಂದು ದಿನ ಮುಂಚೆ.

ಅವಳ ಗಂಡ ದ್ವಾರಕಾನಾಥ ಪ್ರತಿ ವರ್ಷ ಮದುವೆಯಾದ ದಿನಕ್ಕೆ ಒಂದು ಹತ್ತಿ ಸೀರೆ ತಂದುಕೊಡುತ್ತಿದ್ದ. ತಾನೇ ಅಂಗಡಿಗೆ ಹೋಗಿ, ತಾನೇ ಆರಿಸಿ ತರುತ್ತಿದ್ದ. ಅಮೆರಿಕದ ಕ್ಯುಪರ್ಟಿನೋದಲ್ಲಿ ಅವಳ ಗೆಳತಿಯರ ಗಂಡಂದಿರಲ್ಲಿ ಒಬ್ಬರೂ ಈ ಕೆಲಸ ಮಾಡಿದವರಲ್ಲ. ಅವರೆಲ್ಲ ಹೆಂಡತಿಯ ಕೈಗೆ ಕಾರ್ಡು ಕೊಟ್ಟು, ಪಾರ್ಕಿಂಗಿನಲ್ಲಿ ಫೋನು ತಿಕ್ಕುತ್ತ ಕೂರುವ ಪೈಕಿ. ಹಾಗಾಗಿ ನಿರುಪಮಾ ಪುಣ್ಯವಂತೆ ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿಬಿಟ್ಟಿದ್ದರು. ತೀರ್ಮಾನ ಮಾಡುವವರಿಗೇನು, ಉಡುವವಳು ಅವಳು ತಾನೆ.

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಇಬ್ಬರೂ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಾಗ, ನಿನಗೆ ಯಾವ ಬಣ್ಣ ಇಷ್ಟ ಎಂದು ಅವನು ಕೇಳಿದ್ದ. ಗಂಡಸೊಬ್ಬ ಹಾಗೆ ಕೇಳಬಹುದು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ತಲೆಯ ಮೇಲೆ ಗಿಳಿಗಳ ಹಿಂಡೊಂದು ಕಿರುಚುತ್ತ ಹಾರಿಹೋಯಿತು. ಅವಳು ನಾಚಿಕೊಂಡು ಬೆರಳೆತ್ತಿ ತೋರಿಸಿ, ಅದು, ಗಿಳಿಹಸಿರು ಎಂದಳು. ಅವನು ಕತ್ತೆತ್ತಿ, ಗಿಳಿಗಳು ಕಣ್ಮರೆಯಾದ ಮೇಲೂ ನೋಡುತ್ತಲೇ ನಿಂತಿದ್ದ. "ಗೊತ್ತಾಯ್ತು" ಎಂದ.

ಮೊದಲ ವರ್ಷ ಸಾಸಿವೆ ಬಣ್ಣದ ಸೀರೆ ಬಂತು. ಕವರು ಬಿಚ್ಚಿದವಳು ಮಡಿಕೆಯೊಳಗೆ ಹಸಿರೇನಾದರೂ ಇದೆಯೇ ಎಂದು ತಿರುಗಿಸಿ ನೋಡಿದಳು. ಆದರೆ ಎದುರಿಗೆ ಅವನು, ಪರೀಕ್ಷೆಯ ರಿಸಲ್ಟಿಗೆ ಕಾದವನ ಹಾಗೆ, ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಹೊಸ ಹೆಂಡತಿ, ಏನು ಹೇಳಿಯಾಳು? "ತುಂಬಾ ಚೆನ್ನಾಗಿದೆ" ಎಂದಳು. ಅವನ ಮುಖ ಅರಳಿತು. ಆ ಒಂದು ಸುಳ್ಳು ಮೂವತ್ತೊಂದು ವರ್ಷ ಬಾಳಿತು. ಎರಡನೆಯ ವರ್ಷ ಸಾಸಿವೆ, ಮೂರನೆಯ ವರ್ಷ ಒಣಗಿದ ಎಲೆಯಂಥ ಕಂದು, ಅಮೆರಿಕಕ್ಕೆ ಬಂದ ವರ್ಷ ಮತ್ತೆ ಸಾಸಿವೆ. ಪ್ರತಿ ಸಲವೂ ತುಂಬಾ ಚೆನ್ನಾಗಿದೆ.

ಒಂಬತ್ತನೆಯ ವರ್ಷ ಮಾತ್ರ ಕವರಿನೊಳಗಿಂದ ಗಿಳಿಹಸಿರು ಹೊರಬಂತು. ಅಪ್ಪಟ ಗಿಳಿಹಸಿರು, ಅಂಚಿನಲ್ಲಿ ಹಂಸಗಳ ಸಾಲು. ನಿರುಪಮಾ ಪುಟ್ಟ ಹುಡುಗಿಯಂತೆ ಕುಣಿದಳು. ಆಗ ಕೈಗೂಸಾಗಿದ್ದ ಮಗಳು ಹರಿಪ್ರಿಯಾಳನ್ನು ಎತ್ತಿಕೊಂಡು ಹಾಲಿನ ತುಂಬ ತಿರುಗಿದಳು. ದ್ವಾರಕಾನಾಥ ಮಾತ್ರ ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಸೀರೆಯನ್ನು ಎತ್ತಿ, ತಿರುಗಿಸಿ, ಅಂಚನ್ನು ಬೆರಳಲ್ಲಿ ಸವರಿ ನೋಡಿದ. ಹತ್ತನೆಯ ವರ್ಷ ಅದೇ ಹಂಸದಂಚು ಬಂತು, ಸಾಸಿವೆ ಬಣ್ಣದಲ್ಲಿ. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಹಂಸದಂಚು, ಎಲ್ಲೆಲ್ಲಿಂದಲೋ ಹುಡುಕಿ, ನೇಯ್ಗೆಯವರಿಗೆ ಹಿಂದಿನ ವರ್ಷದ ಸೀರೆಯ ಮಾದರಿ ಕೊಟ್ಟು ಮಾಡಿಸಿ ತರುತ್ತಿದ್ದ. ಬಣ್ಣ ಮಾತ್ರ ಅದೇ ಹಾಳು ಸಾಸಿವೆ. ನನಗಿಂತ ಇವರಿಗೆ ಹಂಸವೇ ಹೆಚ್ಚಾಯಿತು ಎಂದು ಅವಳು ಮನಸ್ಸಿನಲ್ಲೇ ಮುನಿಸಿಕೊಂಡಳು.

ಅರಸಿಕ ಎಂದು ಅವನಿಗೊಂದು ಹೆಸರು ಮನೆಯಲ್ಲೇ ಹುಟ್ಟಿಕೊಂಡಿತ್ತು. ಟೊಮೇಟೊ ತಾ ಎಂದರೆ ಅರ್ಧ ಕಾಯಿ ತರುವ ಮನುಷ್ಯ. ಒಮ್ಮೆ ಮಗಳ ಶಾಲೆಯವರ ಜೊತೆ ಸ್ಟ್ರಾಬೆರಿ ಕೀಳಲು ತೋಟಕ್ಕೆ ಹೋಗಿ, ಡಬ್ಬಿ ತುಂಬ ಎಳೆಗಾಯಿ ಕಿತ್ತು ತಂದಿದ್ದ. ಮಕ್ಕಳೆಲ್ಲ ನಕ್ಕಾಗ ತನಗೆ ಹುಳಿಯೇ ಇಷ್ಟ ಎಂದು ಹೇಳಿ, ಮುಖ ಕಿವುಚುತ್ತ ಅಷ್ಟನ್ನೂ ತಿಂದಿದ್ದ. ಎಲೆಕ್ಟ್ರಾನಿಕ್ಸ್ ಓದಿ, ರ‍್ಯಾಂಕೂ ಪಡೆದು, ಆ ಕೆಲಸ ಬಿಟ್ಟು ಸಾಫ್ಟ್‌ವೇರಿಗೆ ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ ಆ ಬಣ್ಣಬಣ್ಣದ ವೈರುಗಳ ಸಹವಾಸ ಸಾಕಾಯ್ತು ಎಂದು ನಗುತ್ತಿದ್ದ. ಅವನ ಜೊತೆ ಅವಳೂ ನಗುತ್ತಿದ್ದಳು.

ಕಳೆದ ಫೆಬ್ರವರಿಯಲ್ಲಿ ಮೂವತ್ತೊಂದನೆಯ ಸೀರೆ ಬಂತು. ಪಾರದರ್ಶಕ ಕವರಿನೊಳಗಿಂದಲೇ ಸಾಸಿವೆ ಅವಳನ್ನು ನೋಡಿತು. ಅಂದು ಅವಳಿಗೆ ಮಂಡಿ ನೋವು, ಬೆಳಗ್ಗೆ ಮಗಳೂ ಫೋನು ಮಾಡಿರಲಿಲ್ಲ, ಇನ್ನೇನೇನೋ ಇತ್ತು. ಕವರನ್ನು ಬಿಚ್ಚದೆ ಟೇಬಲ್ಲಿನ ಮೇಲಿಟ್ಟಳು.

"ಮೂವತ್ತೊಂದು ವರ್ಷದಲ್ಲಿ ನನ್ನ ಒಂದೇ ಒಂದು ಮಾತಾದ್ರೂ ನಿಮ್ಮ ಕಿವಿಗೆ ಬಿದ್ದಿದ್ಯಾ? ಗಿಳಿಹಸಿರು ಅಂತ ಹೇಳಿದ್ದೆ. ಮರೆತುಬಿಟ್ರಿ."

"ತಂದಿದ್ದೀನಲ್ಲ, ನಿರು" ಎಂದ ಅವನು.

ಏನೋ ಒಂದು ತಂದಿದ್ದೀನಲ್ಲ, ಸಾಲದೇ ಎಂಬ ಅರ್ಥದಲ್ಲಿ ಅವಳು ಅದನ್ನು ತೆಗೆದುಕೊಂಡಳು. ಸಿಟ್ಟು ನೆತ್ತಿಗೇರಿತು. "ಈ ಸಾಸಿವೆ ನಂಗೆ ಯಾವತ್ತೂ ಒಪ್ಪಿಲ್ಲ. ನೀವು ನನ್ನ ಮುಖ ನೋಡಿ ಎಷ್ಟು ವರ್ಷ ಆಯ್ತು ಹೇಳಿ?" ಎಂದಳು. ಅವನು ಸೀರೆಯನ್ನು ಎತ್ತಿಕೊಂಡು ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ, ಬೆಳಕಿಗೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಮುಖ ಊದಿಸಿಕೊಂಡಿದ್ದಾರೆ, ಊದಿಸಿಕೊಳ್ಳಲಿ ಎಂದು ಅವಳು ಬಟ್ಟೆ ಮಡಿಸಲು ಹೋದಳು. ಹನ್ನೊಂದು ದಿನದ ಮೇಲೆ, ಬೆಳಗಿನ ವಾಕಿಂಗಿಗೆ ಹೋದವನು ಪಕ್ಕದ ಬೀದಿಯ ತಿರುವಿನಲ್ಲೇ ಕುಸಿದ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಹೇಳುವುದು ಸುಲಭ. ನಿರುಪಮಾ ಅತ್ತಳು, ಊಟ ಬಿಟ್ಟಳು, ಅವನ ಚಪ್ಪಲಿಯನ್ನು ಬಾಗಿಲ ಹತ್ತಿರದಿಂದ ತೆಗೆಯಲು ಮೂರು ತಿಂಗಳು ಬಿಡಲಿಲ್ಲ. ಆದರೆ ಅಷ್ಟೂ ದುಃಖದ ನಡುವೆ ಆ ಸಿಟ್ಟು ಹಾಗೇ ಕೂತಿತ್ತು. ಬೀರು ತೆಗೆದಾಗೆಲ್ಲ ಸಾಸಿವೆಯ ರಾಶಿ ಕಣ್ಣಿಗೆ ಬೀಳುತ್ತಿತ್ತು. ನನ್ನನ್ನು ಒಂದು ಸಲವೂ ಸರಿಯಾಗಿ ನೋಡದವನಿಗಾಗಿ ಹೀಗೆ ಅಳುತ್ತಿದ್ದೇನಲ್ಲ ಎನಿಸುತ್ತಿತ್ತು. ಜೂನಿನಲ್ಲಿ ಒಂದು ದಿನ ಹಸಿರು ಸೀರೆಯೊಂದನ್ನು ಬಿಟ್ಟು ಉಳಿದ ಮೂವತ್ತನ್ನೂ ಎರಡು ಸೂಟ್‌ಕೇಸಿಗೆ ತುಂಬಿ, ಬೆರ್ರಿಯೆಸಾದಲ್ಲಿರುವ ನೀಲವ್ವನಿಗೆ ಕೊಟ್ಟುಬಿಟ್ಟಳು. ನೀಲವ್ವ ಗದಗಿನ ಕಡೆಯವಳು, ಮಗನ ಮನೆಯಲ್ಲಿದ್ದುಕೊಂಡು ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ಮುದುಕಿ. ಕನ್ನಡದ ಮನೆಗಳಲ್ಲಿ ಮಗು ಹುಟ್ಟಿದರೆ ಅವಳ ಕೌದಿ ಹೋಗಲೇಬೇಕು. ಒಂದನ್ನೂ ಉಳಿಸಬೇಡಿ, ಎಲ್ಲ ಕತ್ತರಿಸಿಬಿಡಿ ಎಂದು ನಿರುಪಮಾ ಹೇಳಿಯೇ ಬಂದಿದ್ದಳು.

ಅಮ್ಮ ಹೀಗೆ ಬೂದು ಸ್ವೆಟರಿನಲ್ಲಿ ಕೂತೇ ಕಾಲ ಕಳೆಯುವುದನ್ನು ನೋಡಲಾರದೆ ಹರಿಪ್ರಿಯಾ ಅಕ್ಟೋಬರಿನಲ್ಲಿ ಅವಳಿಗೊಂದು ಅಪಾಯಿಂಟ್‌ಮೆಂಟು ಮಾಡಿಸಿದಳು. ವಾಲ್ನಟ್ ಕ್ರೀಕಿನಲ್ಲಿ, ಅವಳ ಆಫೀಸಿನ ಹತ್ತಿರವೇ, ಡಯಾನ್ ಎಂಬ ಹೆಂಗಸಿದ್ದಾಳೆ. ಮುಖದ ಕೆಳಗೆ ಬಣ್ಣದ ಬಟ್ಟೆಗಳನ್ನು ಹಿಡಿದು ನೋಡಿ, ಯಾರಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಹೇಳುವುದೇ ಅವಳ ವೃತ್ತಿ. "ಅಮ್ಮಾ, ಜಸ್ಟ್ ಗೋ. ಫಾರ್ ಮಿ" ಎಂದಳು ಮಗಳು. ಇನ್ನೊಂದು ದಿನವಾಗಿದ್ದರೆ ನಿರುಪಮಾ ನಕ್ಕುಬಿಡುತ್ತಿದ್ದಳು. ಬಣ್ಣ ಹೇಳಲೂ ಒಬ್ಬಳು ಬೇಕೇ, ಕನ್ನಡಿ ಇಲ್ಲವೇ ಮನೆಯಲ್ಲಿ? ಆದರೆ ಅವಳಿಗೊಂದು ತೀರ್ಪು ಬೇಕಾಗಿತ್ತು. ತನಗೆ ಒಪ್ಪುವುದು ಹಸಿರೇ, ಗಂಡ ಮೂವತ್ತೊಂದು ವರ್ಷ ತನ್ನ ಮುಖ ನೋಡದೆ ಸೀರೆ ತಂದ ಎಂದು ಬಣ್ಣ ಬಲ್ಲವರೊಬ್ಬರು ಹೇಳಬೇಕಾಗಿತ್ತು. ಹಂಸದಂಚಿನ ಹಸಿರು ಸೀರೆಯನ್ನೇ ಉಟ್ಟುಕೊಂಡು, ಬೆರ್ರಿಯೆಸಾದಲ್ಲಿ ಬಾರ್ಟ್ ರೈಲು ಹತ್ತಿ ಹೋದಳು.

ಡಯಾನ್ ನರೆಗೂದಲಿನ, ಮೆದು ಮಾತಿನ ಹೆಂಗಸು. ನಿರುಪಮಾಳನ್ನು ಕಿಟಕಿಯ ಪಕ್ಕ ದೊಡ್ಡ ಕನ್ನಡಿಯ ಮುಂದೆ ಕೂರಿಸಿ, ಸೀರೆ ಕಾಣದ ಹಾಗೆ ಕುತ್ತಿಗೆಯಿಂದ ಕೆಳಗೆ ಬಿಳಿಯ ಬಟ್ಟೆ ಹೊದಿಸಿದಳು. ಆಮೇಲೆ ಗಲ್ಲದ ಕೆಳಗೆ ಒಂದೊಂದೇ ಬಣ್ಣ ಹಾಸಿ ತೆಗೆಯುತ್ತ ಹೋದಳು. ಗುಲಾಬಿ, ನೀಲಿ, ಬದನೆಕಾಯಿ ಬಣ್ಣ. ಹಸಿರಿನ ಸರದಿ ಬಂದಾಗ ನಿರುಪಮಾ ನೆಟ್ಟಗೆ ಕೂತಳು. ಅವಳ ಗಿಳಿಹಸಿರೇ ಬಂತು. ಡಯಾನ್ ತಲೆಯಾಡಿಸಿ, ನೋಡಿ, ಈ ಬಣ್ಣ ನಿಮ್ಮ ಮುಖದ ಕಳೆಯನ್ನೆಲ್ಲ ಕುಡಿದುಬಿಡುತ್ತದೆ ಎಂದಳು. ನಿಜವಾಗಿತ್ತು. ಕಣ್ಣಿನ ಸುತ್ತಲ ಕಪ್ಪು ಇನ್ನೂ ಕಪ್ಪಾಗಿ, ಕೆನ್ನೆ ಜ್ವರ ಬಂದೆದ್ದವಳ ಹಾಗೆ ಬಾಡಿತ್ತು. ನಿರುಪಮಾಗೆ ಇನ್ನೊಮ್ಮೆ ಹಾಕಿ ಎಂದು ಕೇಳುವಷ್ಟು ನಾಚಿಕೆಗೇಡು ಹಟ ಬಂತು. ಇನ್ನೊಮ್ಮೆಯೂ ಹಾಗೇ ಕಂಡಿತು.

ಆಮೇಲೆ ಡಯಾನ್ ಸಾಸಿವೆ ಬಣ್ಣದ ಬಟ್ಟೆ ಹಾಸಿದಳು. ಹಾಸಿದವಳೇ ಕೈ ತೆಗೆದು ಹಿಂದೆ ಸರಿದು ನಿಂತಳು. ಕನ್ನಡಿಯಲ್ಲಿ ದೀಪ ಹಚ್ಚಿದಂತಾಗಿತ್ತು. ಐವತ್ತಾರು ವರ್ಷದ ಆ ಮುಖದಲ್ಲಿ ಹೊಸ ಕಳೆ, ಕಣ್ಣಿನಲ್ಲಿ ಜೀವ. ಇದೇ ನಿಮ್ಮ ಬಣ್ಣ, ಇದೂ, ಇದರ ಜೊತೆಗೆ ಕಂದೂ, ಒಣ ಎಲೆಯ ಬಣ್ಣವೂ. ಇಂಥ ಬಟ್ಟೆ ನಿಮ್ಮಲ್ಲಿ ಏನಾದರೂ ಇದೆಯೇ ಎಂದು ಡಯಾನ್ ಕೇಳಿದಳು. ಮೂವತ್ತಿದ್ದವು ಎಂದಳು ನಿರುಪಮಾ. ಅಷ್ಟು ಹೇಳಿ ಅಳತೊಡಗಿದಳು. ಡಯಾನ್ ಟಿಶ್ಯೂ ಡಬ್ಬಿ ಮುಂದಿಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಳು. ಆ ಹೆಂಗಸಿಗೆ ಅಷ್ಟು ವಿವೇಕವಿತ್ತು.

ಮಗಳ ಜೊತೆ ಊಟಕ್ಕೆ ಹೋಗಬೇಕಿತ್ತು. ಆಮೇಲೆ ಬರುತ್ತೇನೆ ಎಂದು ಮೆಸೇಜು ಹಾಕಿ ನಿರುಪಮಾ ಬಾರ್ಟ್ ಹತ್ತಿದಳು. ಮ್ಯಾಕಾರ್ಥರಿನಲ್ಲಿ ರೈಲು ಬದಲಿಸುವಾಗ ಅವಳಿಗೆ ಮಂಡಿಯ ನೋವು ನೆನಪಿರಲಿಲ್ಲ. ಹಾಗಾದರೆ ಅವನು ನೋಡಿದ್ದ. ಅವಳಿಗಿಂತ ಚೆನ್ನಾಗಿ ಅವಳ ಮುಖವನ್ನು ನೋಡಿ, ಇವಳು ಕೇಳುವುದು ಹಸಿರು, ಇವಳಿಗೆ ಒಪ್ಪುವುದು ಸಾಸಿವೆ ಎಂದು ಅರಿತು, ಬೈಸಿಕೊಂಡರೂ ಸರಿ ಎಂದು ಒಪ್ಪುವುದನ್ನೇ ತಂದಿದ್ದ. ನನ್ನ ಮುಖ ನೋಡಿಲ್ಲ ಎಂದು ಅವರಿಗೆ ಅಂದುಬಿಟ್ಟೆನಲ್ಲ ಎಂದು ಅವಳಿಗೆ ಸಂಕಟವಾಯಿತು. ಆ ಸಂಕಟದಲ್ಲೂ ಎಂಟು ತಿಂಗಳಿನಲ್ಲಿ ಮೊದಲ ಸಲ ಒಂದು ಸುಖವಿತ್ತು. ಎದುರಿನ ಸೀಟಿನವರು ನೋಡುತ್ತಿದ್ದರೂ ಲೆಕ್ಕಿಸದೆ ಅಳುತ್ತ ನಗುತ್ತ ಬೆರ್ರಿಯೆಸಾವರೆಗೂ ಬಂದಳು. ಸೀರೆಗಳನ್ನು ವಾಪಸು ತರಬೇಕು, ದಿನಕ್ಕೊಂದು ಉಡಬೇಕು.

ನೀಲವ್ವನ ಮಗನ ಮನೆ ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ. ಬಾಗಿಲು ತೆಗೆದ ನೀಲವ್ವ, "ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದು ಕರೆದು ನೀರು ಕೊಟ್ಟಳು. ನಿರುಪಮಾ ಗ್ಲಾಸು ಮುಟ್ಟದೆ ಸೀರೆಗಳ ವಿಷಯ ಕೇಳಿದಳು. ನೀಲವ್ವನ ಮುಖ ಸಣ್ಣದಾಯಿತು.

"ಎಲ್ಲಾ ಹರದು ಹೊಲದೇನ್ರಿ. ನೀವ ಅಂದಿದ್ರಲ್ಲ, ಒಂದೂ ಉಳಸಬ್ಯಾಡ್ರಿ ಅಂತ."

ಸೋಫಾದ ಮೇಲೆ ಮಡಿಸಿಟ್ಟಿದ್ದ ಕೌದಿಯನ್ನು ಬಿಚ್ಚಿ ತೋರಿಸಿದಳು. ಇನ್ನುಳಿದವು ಯಾರ್ಯಾರದೋ ಮನೆಗೆ ಹೋಗಿದ್ದವಂತೆ. ಫ್ರೀಮಾಂಟಿಗೆ ಎರಡು, ಸ್ಯಾನ್ ರಮೋನಿಗೆ ಒಂದು. ಅಂಗೈಯಗಲದ ಚೌಕಗಳಾಗಿ ಅವಳ ಮೂವತ್ತು ವರ್ಷ ಅಲ್ಲಿ ಬಿದ್ದಿತ್ತು. ಮಗಳ ಗ್ರ್ಯಾಜುಯೇಶನ್ನಿಗೆ ಉಟ್ಟದ್ದು, ಅತ್ತೆ ತೀರಿಕೊಂಡಾಗ ವಿಮಾನದಲ್ಲಿ ಉಟ್ಟು ಹೋದದ್ದು. ಅಲ್ಲಲ್ಲಿ ತುಂಡಾದ ಹಂಸಗಳು. ನಿರುಪಮಾ ಅದರ ಮೇಲೆ ಕೈಯಾಡಿಸುತ್ತ ಕೂತುಬಿಟ್ಟಳು. ಅವಳ ಅವಸ್ಥೆ ನೋಡಿ ಗಾಬರಿಯಾದ ನೀಲವ್ವ, ತಡೀರಿ, ಒಂದು ಉಳಿದಿದೆ, ಕವರು ಬಿಚ್ಚದ ಹೊಸ ಸೀರೆ ಹರಿಯಲು ಕೈ ಬರಲಿಲ್ಲ ಎಂದು ಅದನ್ನು ಹುಡುಕಲು ಮಹಡಿಗೆ ಹೋದಳು.

ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ ಎನಿಸಿ ನಿರುಪಮಾ ಅಮೆರಿಕದಲ್ಲೇ ಇದ್ದ ಮೈದುನ ಅಚ್ಯುತನಿಗೆ ಫೋನು ಮಾಡಿದಳು. ಅಣ್ಣತಮ್ಮಂದಿರ ನಡುವೆ ಗುಟ್ಟಿರಲಿಲ್ಲ, ಅವನಿಗಾದರೂ ಗೊತ್ತಿದ್ದೀತು. ಡಯಾನಳ ಕತೆಯನ್ನೆಲ್ಲ ಹೇಳಿ, ನಿಮ್ಮಣ್ಣನಿಗೆ ಬಣ್ಣದ ವಿಷಯದಲ್ಲಿ ಎಂಥ ಕಣ್ಣಿತ್ತು ನೋಡಿ, ಈ ಸಾಸಿವೆ ನನಗೆ ಒಪ್ಪುತ್ತದೆ ಎಂದು ನಿಮ್ಮ ಹತ್ತಿರ ಏನಾದರೂ ಹೇಳಿದ್ದರಾ ಎಂದು ಕೇಳಿದಳು.

"ಹಾಗಾದ್ರೆ ಅಣ್ಣ ನಿಮಗೆ ಹೇಳ್ಲೇ ಇಲ್ಲ" ಎಂದ ಅಚ್ಯುತ. "ಅತ್ತಿಗೆ, ಅಣ್ಣನಿಗೆ ಬಣ್ಣ ತಿಳೀತಿರ್ಲಿಲ್ಲ. ಹಸಿರು, ಕಂದು, ಸಾಸಿವೆ, ಎಲ್ಲಾ ಅವನಿಗೆ ಒಂದೇ. ಹುಟ್ಟಿದಾಗಿಂದ."

ಉಳಿದದ್ದನ್ನು ಅವನು ತಡವರಿಸುತ್ತ ಹೇಳಿದ. ಹೆಣ್ಣು ನೋಡಲು ಹೊರಟ ದಿನ ಅಮ್ಮ ಇಬ್ಬರನ್ನೂ ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿದ್ದರು. ಗಂಡಿಗೆ ಕಣ್ಣಿನ ದೋಷವಿದೆ ಎಂದು ಹೆಣ್ಣಿನ ಕಡೆಯವರಿಗೆ ಗೊತ್ತಾದರೆ ಸಂಬಂಧ ಮುರಿಯುತ್ತದೆ, ಮನೆಯಲ್ಲಿ ಮದುವೆಗೆ ಬೆಳೆದ ತಂಗಿ ಬೇರೆ ಇದ್ದಾಳೆ, ಅವಳಿಗೂ ಗಂಡು ಸಿಗುವುದಿಲ್ಲ ಎಂದು ಅಮ್ಮನ ಭಯ. ತಂಗಿಯ ಮದುವೆಯಾಯಿತು, ಅಮ್ಮ ಹೋಗಿಯೂ ಹದಿನೈದು ವರ್ಷವಾಯಿತು. ಅಷ್ಟು ಹೊತ್ತಿಗೆ ಅಣ್ಣನಿಗೆ ಹೇಳಲು ನಾಚಿಕೆ. ಅಂಗಡಿಯವನ ಹತ್ತಿರ ಗಿಳಿಹಸಿರು ಯಾವುದು ಎಂದು ಕೇಳಲೂ ನಾಚಿಕೆ. ಮೊದಲನೆಯ ಸೀರೆಗೇ ಅವಳು ಚೆನ್ನಾಗಿದೆ ಎಂದಿದ್ದಳಲ್ಲ, ಹಾಗಾಗಿ ಗಿಳಿಹಸಿರು ಎಂದರೆ ಅದೇ ಎಂದು ನಂಬಿಕೊಂಡು, ಪ್ರತಿ ವರ್ಷ ಅದಕ್ಕೆ ಹೊಂದುವುದನ್ನೇ ಆರಿಸುತ್ತಿದ್ದ.

"ಒಂದು ವರ್ಷ ನೀವು ತುಂಬಾ ಖುಷಿಪಟ್ರಂತೆ. ಬಣ್ಣ ಅದೇ ಅಲ್ವಾ, ಹಾಗಾದ್ರೆ ಅಂಚೇ ಇಷ್ಟವಾಗಿರ್ಬೇಕು ಅಂತ ಆಮೇಲೆ ಅದೇ ಅಂಚು ಹುಡುಕ್ತಿದ್ದ" ಎಂದ ಅಚ್ಯುತ.

ನಿರುಪಮಾ ಕೌದಿಯಲ್ಲಿದ್ದ ತುಂಡು ಹಂಸವೊಂದನ್ನು ಬೆರಳಲ್ಲಿ ಸವರಿದಳು.

"ಫೆಬ್ರವರಿಯಲ್ಲಿ ನೀವು ಬೈದ ದಿನ ಸಂಜೆ ನಂಗೆ ಫೋನ್ ಮಾಡಿದ್ದ. ಅಚ್ಚು, ಗಿಳಿಹಸಿರು ಅಂದ್ಕೊಂಡು ಇಷ್ಟು ವರ್ಷ ಅವಳಿಗೆ ನಾನು ಸಾಸಿವೆ ತಂದುಕೊಟ್ಟಿದ್ದೀನಂತೆ, ವ್ಯತ್ಯಾಸ ಏನು ಅಂತಾನೂ ನಂಗೆ ಗೊತ್ತಾಗಲ್ಲ ಕಣೋ ಅಂದ. ಯುಗಾದಿಗೆ ಮುಂಚೆ ನೀನು ಬಾ, ಇಬ್ರೂ ಅಂಗಡಿಗೆ ಹೋಗೋಣ, ನಿಜವಾದ್ದು ಯಾವ್ದು ಅಂತ ನೀನು ತೋರ್ಸು, ಅದನ್ನ ಅವಳ ಕೈಗಿಟ್ಟು ಎಲ್ಲಾ ಹೇಳಿಬಿಡ್ತೀನಿ ಅಂದ." ಅಚ್ಯುತನ ಧ್ವನಿ ಒಡೆಯಿತು. "ಎರಡು ವಾರ ಬಿಟ್ಟು ಬರ್ತೀನಿ ಅಂದಿದ್ದೆ, ಅತ್ತಿಗೆ. ಆ ವಾರಾನೇ ಬರಲಿಲ್ಲ."

ಫೋನು ಇಟ್ಟ ಮೇಲೆ ನಿರುಪಮಾ ಕೌದಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ರೈಲಿನಲ್ಲಿ ಹುಟ್ಟಿದ ಸುಖ ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಸತ್ತಿತ್ತು. ಅವನು ಅವಳ ಮುಖಕ್ಕೆ ಒಪ್ಪುವುದನ್ನು ಕಂಡುಹಿಡಿದವನಲ್ಲ. ಒಪ್ಪಿದ್ದು ಬರೀ ಆಕಸ್ಮಿಕ. ಆದರೆ ಕುಕ್ಕರಹಳ್ಳಿಯ ಏರಿಯ ಮೇಲೆ ಅವಳು ಆಡಿದ ಒಂದು ಮಾತನ್ನು ಅವನು ಒಂದು ವರ್ಷವೂ ಮರೆತಿರಲಿಲ್ಲ. ಕಾಣದ ಬಣ್ಣವೊಂದನ್ನು ಮೂವತ್ತೊಂದು ಸಲ ಹುಡುಕಿಕೊಂಡು ಹೋಗಿ, ಪ್ರತಿ ಸಲವೂ ಸಿಕ್ಕಿತು ಎಂದುಕೊಂಡು ಮನೆಗೆ ಬಂದಿದ್ದ. ನನ್ನ ಒಂದೇ ಒಂದು ಮಾತಾದರೂ ನಿಮ್ಮ ಕಿವಿಗೆ ಬಿದ್ದಿದೆಯಾ ಎಂದು ಕೇಳಿದ್ದಳು. ತಂದಿದ್ದೀನಲ್ಲ, ನಿರು ಎಂದಿದ್ದ ಅವನು. ಕಿಟಕಿಯ ಹತ್ತಿರ ಸೀರೆ ಹಿಡಿದು ನಿಂತ ಆ ಬೆನ್ನು ಅವಳಿಗೆ ನೆನಪಾಯಿತು. ಮುಖ ಊದಿಸಿಕೊಂಡು ನಿಂತಿರಲಿಲ್ಲ ಅವನು. ಬೆಳಕಿನಲ್ಲಾದರೂ ವ್ಯತ್ಯಾಸ ಕಂಡೀತೇ ಎಂದು ನೋಡುತ್ತಿದ್ದ. ಅವಳು ಬಟ್ಟೆ ಮಡಿಸಲು ಹೋಗಿದ್ದಳು.

ನೀಲವ್ವ ಮೆಟ್ಟಿಲಿಳಿದು ಬಂದು ಕವರನ್ನು ಅವಳ ತೊಡೆಯ ಮೇಲಿಟ್ಟಳು. ಕವರಿನ ಅಂಟು ಹಾಗೇ ಇತ್ತು. ನಿರುಪಮಾ ಅದನ್ನು ನಿಧಾನವಾಗಿ ಬಿಡಿಸಿ, ಗಂಜಿ ಬಿಡದ ಹೊಸ ಸೀರೆಯ ಮಡಿಕೆ ಬಿಚ್ಚಿ, ಉಟ್ಟಿದ್ದ ಹಸಿರಿನ ಮೇಲೆಯೇ ಹೆಗಲು ತುಂಬ ಹೊದ್ದುಕೊಂಡಳು. ಎರಡೂ ಅಂಚಿನ ಹಂಸಗಳು ಒಂದರ ಮೇಲೊಂದು ಬಂದವು. ಕಣ್ಣೀರು ಸೀರೆಗೆ ಬೀಳದ ಹಾಗೆ ಅಂಗೈಯಲ್ಲಿ ಒರೆಸಿಕೊಳ್ಳುತ್ತಿದ್ದಳು. ಹೊಸ ಸೀರೆ, ಕಲೆಯಾಗಬಾರದು.

ನೀಲವ್ವ ಎದುರಿಗೆ ಕೂತು ಅವಳ ಮುಖವನ್ನೇ ನೋಡಿದಳು. "ಭಾಳ ಒಪ್ಪತೈತ್ರಿ ಅಕ್ಕಾರ ನಿಮಗ. ನಿಮ್ಮ ಯಜಮಾನ್ರು ಭಾಳ ನೋಡಿ ಆರಿಸ್ಯಾರ" ಎಂದಳು.

"ಹೌದು. ತುಂಬಾ ನೋಡಿ ಆರಿಸಿದ್ರು."

ನೀಲವ್ವ ಸೆರಗಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡುತ್ತ, ಮಾತಿಗೆ ಮಾತು ಬೆಳೆಸಿ ಅವಳ ಅಳು ನಿಲ್ಲಿಸಬೇಕೆಂದು ಕೇಳಿದಳು: "ನಮ್ಮ ಕಡೆ ಇದಕ್ಕ ಸಾಸಿವಿ ಬಣ್ಣ ಅಂತೀವ್ರಿ. ಮೈಸೂರ ಕಡೆ ಏನಂತೀರಿ?"

"ಗಿಳಿಹಸಿರು" ಎಂದಳು ನಿರುಪಮಾ.